ದಂಡುಪ್ರದೇಶದ ಛಾಯಾಗ್ರಾಹಕರೂ ಇತಿಹಾಸದ ಆಧಾರವೂ

ಇತಿಹಾಸದ ಆಧಾರಗಳನ್ನು ಎಣಿಸುವಾಗ ಶಾಸನ, ನಾಣ್ಯ, ಕಾವ್ಯ, ಕಡತ ಇವುಗಳನ್ನು ಮೊದಲು ಹೆಸರಿಸುವುದು ನಮ್ಮಲ್ಲಿ ರೂಢಿ. ಛಾಯಾಚಿತ್ರಕ್ಕೆ ಈ ಪಂಕ್ತಿಯಲ್ಲಿ ಸ್ಥಾನ ದೊರೆಯುವುದು ಅಪರೂಪ. ಗ್ರಂಥಕ್ಕೆ ಅಲಂಕಾರವಾಗಿ ಅದು ಬರುವುದೇ ಹೆಚ್ಚು. ಆದರೆ ಕನ್ನಡನಾಡಿನ ಶಿಲ್ಪ ಮತ್ತು ಶಾಸನಗಳ ಆಧುನಿಕ ಅಧ್ಯಯನದ ಮೊದಲ ಘಟ್ಟದಲ್ಲಿ ಛಾಯಾಚಿತ್ರಗಳು ವಹಿಸಿದ ಪಾತ್ರ ಸಣ್ಣದಲ್ಲ. ಆ ಚಿತ್ರಗಳನ್ನು ತೆಗೆದವರಲ್ಲಿ ಬೆಂಗಳೂರಿನ ದಂಡಿನಲ್ಲಿ ನೆಲಸಿದ್ದ ಹವ್ಯಾಸಿಗಳೂ ಇದ್ದರು. ಹವ್ಯಾಸಿಯ ಚಿತ್ರವು ಯಾವಾಗ ಇತಿಹಾಸಕ್ಕೆ ಆಧಾರವಾಗುತ್ತದೆ, ಯಾವಾಗ ಆಗುವುದಿಲ್ಲ ಎಂಬುದನ್ನು ಸಂಕ್ಷೇಪವಾಗಿ ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ತರುವಾಯ ಅಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಸೈನ್ಯಕ್ಕೆ ಆ ಸ್ಥಳದ ಹವೆ ಒಗ್ಗಲಿಲ್ಲ. 1809ರಲ್ಲಿ ಸೈನ್ಯದ ನೆಲೆಯು ಬೆಂಗಳೂರು ಪೇಟೆಯ ಈಶಾನ್ಯಕ್ಕೆ, ಹಲಸೂರು ಗ್ರಾಮದ ಮಗ್ಗುಲಿಗೆ ಬಂದಿತು. ಜನರು ‘ದಂಡು’ ಎಂದು ಕರೆದ ಈ ಪ್ರದೇಶವು 1881ರ ಬಳಿಕ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ರೆಸಿಡೆಂಟರ ಆಡಳಿತಕ್ಕೆ ಒಳಪಟ್ಟು, 1947ರಲ್ಲಿ ಮೈಸೂರು ಸಂಸ್ಥಾನಕ್ಕೆ ಮರಳಿತು. 1949ರಲ್ಲಿ ಪೇಟೆ ಮತ್ತು ದಂಡುಗಳೆರಡೂ ಒಂದೇ ಕಾರ್ಪೊರೇಷನ್ನಿನ ಆಡಳಿತಕ್ಕೆ ಬಂದವು.

1854ರಲ್ಲಿ ಮದರಾಸು ಪದಾತಿದಳದ 12ನೆಯ ರೆಜಿಮೆಂಟಿನ ಅಧಿಕಾರಿ ಲಿನ್ನಿಯಸ್ ಟ್ರೈಪ್ ಈ ದಂಡಿಗೆ ಬಂದನು. ಇಂಗ್ಲೆಂಡಿನಲ್ಲಿ ರಜೆಯಲ್ಲಿದ್ದಾಗ ಅವನು ಛಾಯಾಗ್ರಹಣವನ್ನು ಕಲಿತು, ಲಂಡನ್ನಿನ ಛಾಯಾಗ್ರಹಣ ಸಂಘದ ಸದಸ್ಯನಾಗಿದ್ದನು. ಅದೇ ವರ್ಷದ ಡಿಸೆಂಬರಿನಲ್ಲಿ ತನ್ನಂತೆಯೇ ಈ ಹವ್ಯಾಸವಿದ್ದ ಸೈನ್ಯದ ವೈದ್ಯ ಆಂಡ್ರ್ಯೂ ನೀಲ್ ಎಂಬುವನ ಜೊತೆಗೂಡಿ ಹಳೇಬೀಡು, ಬೇಲೂರುಗಳ ಕಡೆಗೆ ಹೊರಟನು. ಮೇಣ ಸವರಿದ ಕಾಗದದ ಮೇಲೆ ನೆಗೆಟಿವನ್ನು ಪಡೆಯುವ ಪದ್ಧತಿ ಅಂದಿನದು. ಒಂದೊಂದು ಚಿತ್ರಕ್ಕೂ ಬಹಳ ಹೊತ್ತು ಬೆಳಕನ್ನು ಬಿಡಬೇಕಾಗಿತ್ತು. ಹೊಯ್ಸಳ ಶಿಲ್ಪದ ನವುರಾದ ಕೆತ್ತನೆಯನ್ನು ಇಷ್ಟು ನಿಧಾನವಾದ ಸಾಧನದಿಂದ ಹಿಡಿಯುವುದಕ್ಕೆ ತಾಳ್ಮೆಯಿರುವ ಜೊತೆಗಾರನೂ ಬೇಕು. 1855ರ ಮದರಾಸು ಪ್ರದರ್ಶನದಲ್ಲಿ ಟ್ರೈಪನು ಇಟ್ಟ 68 ಚಿತ್ರಗಳು ಪರೀಕ್ಷಕರ ಮೆಚ್ಚುಗೆಯನ್ನು ಪಡೆದವು. ನೀಲನು ತೆಗೆದ ಚಿತ್ರಗಳು ಮುಂದೆ, 1866ರಲ್ಲಿ, ಧಾರವಾಡ ಮತ್ತು ಮೈಸೂರು ಪ್ರಾಂತಗಳ ವಾಸ್ತುಶಿಲ್ಪವನ್ನು ಕುರಿತು ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಬರೆದ ಗ್ರಂಥದಲ್ಲಿ ಅಚ್ಚಾದವು. ಹೀಗೆ ಇಬ್ಬರು ಗೆಳೆಯರ ರಜೆಯ ಪ್ರವಾಸವು ವಿದ್ವತ್ತಿನ ಸಾಮಗ್ರಿಯಾಯಿತು.

ಇದಕ್ಕೆ ಕಾರಣವೇನು? ಚಿತ್ರದ ಸೊಗಸು ಒಂದೇ ಅಲ್ಲ. ಟ್ರೈಪನು 1855ರಲ್ಲಿ ಬರ್ಮಾ ದೇಶಕ್ಕೆ ಹೋದ ನಿಯೋಗದೊಡನೆ ತೆರಳಿ, ಹಿಂದಿರುಗಿದ ಮೇಲೆ ಬೆಂಗಳೂರಿನಲ್ಲಿ 120 ಚಿತ್ರಗಳ 50 ಪ್ರತಿಗಳನ್ನು ಸಿದ್ಧಪಡಿಸಿದನು. ಅವುಗಳಿಗೆ ಕ್ರಮಸಂಖ್ಯೆ, ಸ್ಥಳದ ಹೆಸರು, ಅಚ್ಚು ಮಾಡಿದ ಟಿಪ್ಪಣಿ ಇವನ್ನು ಕೂಡಿಸಿದನು. ಮುಂದೆ ಮದರಾಸು ಸರ್ಕಾರದ ಛಾಯಾಗ್ರಾಹಕನಾಗಿ ಮಧುರೆ, ತಂಜಾವೂರುಗಳ ಚಿತ್ರಗಳನ್ನು ತೆಗೆದಾಗಲೂ ಅವು ವಿವರಣೆಯೊಡನೆ ಪ್ರಕಟವಾದವು. ಈ ಕಾರ್ಯವು ದುಬಾರಿಯೆಂದು ಭಾವಿಸಿದ ಗವರ್ನರ್ ಟ್ರೆವೆಲಿಯನ್ ಅದನ್ನು ನಿಲ್ಲಿಸಿದನು. 1860ರಲ್ಲಿ ಚಿತ್ರಶಾಲೆಯು ಮುಚ್ಚಿತು. ಚಿತ್ರಶಾಲೆಯು ಹೋದರೂ ಚಿತ್ರಗಳು ಮೂಕವಾಗಲಿಲ್ಲ. ಏಕೆಂದರೆ ಅವು ಯಾವ ಊರಿನವು, ಯಾವ ಕಟ್ಟಡದವು ಎಂಬುದು ಚಿತ್ರದ ಜೊತೆಯಲ್ಲಿಯೇ ಉಳಿದಿತ್ತು.

ಎರಡನೆಯ ನಿದರ್ಶನವು ಕನ್ನಡ ಶಾಸನಾಭ್ಯಾಸಿಗಳಿಗೆ ಇನ್ನೂ ಹತ್ತಿರವಾದುದು. 1865ರಲ್ಲಿ ಮೇಜರ್ ಡಿಕ್ಸನ್ ಎಂಬ ಸೈನ್ಯಾಧಿಕಾರಿಯು ಮೈಸೂರು ಸರ್ಕಾರಕ್ಕಾಗಿ ಸುಮಾರು 150 ಶಾಸನಗಳ ಛಾಯಾಚಿತ್ರಗಳನ್ನು ತೆಗೆದನು. ಇವುಗಳನ್ನು ಓದುವ ಕೆಲಸವು ಬೆಂಗಳೂರಿನಲ್ಲಿಯೇ ಹುಟ್ಟಿದ್ದ ಬಿ. ಎಲ್. ರೈಸರ ಪಾಲಿಗೆ ಬಂದಿತು. 1879ರಲ್ಲಿ ಪ್ರಕಟವಾದ ಅವರ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಗ್ರಂಥಕ್ಕೆ ಮೂಲವಾದುದು ಈ ಸಂಗ್ರಹವೇ. ‘ಎಪಿಗ್ರಾಫಿಯ ಕರ್ನಾಟಿಕ’ದ ಮಹಾಕಾರ್ಯಕ್ಕೆ ಇದು ಪೂರ್ವಸಿದ್ಧತೆಯಾಯಿತು ಎಂದರೆ ಅತಿಶಯೋಕ್ತಿಯಲ್ಲ.

ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ನೂರಾರು ಮೈಲಿ ಬಂಡಿಯಲ್ಲಿ ಸಾಗಿ ಹಳೇಬೀಡಿನ ಭಿತ್ತಿಗಳನ್ನು ಚಿತ್ರಿಸಿದವರಿಗೆ ತಾವು ವಾಸಿಸುತ್ತಿದ್ದ ಬಂಗಲೆಯ ಮರಗೆಲಸವು ಇತಿಹಾಸವೆಂದು ತೋರಿರಲಾರದು. ಅದು ಅಂದಿಗೆ ಹೊಸದು, ನಿತ್ಯ ಕಣ್ಣಿಗೆ ಬೀಳುವಂಥದು. ಇಂದು ಪುಲಕೇಶಿನಗರವೆಂದು ಹೆಸರಾಗಿರುವ ಫ್ರೇಜರ್ ಟೌನ್, ಅದರ ನೆರೆಯ ರಿಚರ್ಡ್ಸ್ ಟೌನ್, ಕುಕ್ ಟೌನ್ ಮೊದಲಾದ ಬಡಾವಣೆಗಳಲ್ಲಿ ಅಂಥ ಮನೆಗಳು ಇದ್ದವು: ಕಿಟಕಿಯ ಮೇಲೆ ಮೊನಚಾಗಿ ಚಾಚಿದ ‘ಮಂಕಿಟಾಪ್’ ಎಂಬ ಮರದ ಮಾಡು, ಮುಖಮಂಟಪಕ್ಕೆ ಜಾಲಂದರದ ತೆರೆ, ಸೂರಿನ ಅಂಚಿಗೆ ಕತ್ತರಿಸಿದ ಹಲಗೆ, ಗೋಡೆಗೆ ಗಾರೆಯ ಹೂಬಳ್ಳಿ. ಇಂಗ್ಲಿಷ್ ಮಾದರಿಯ ಈ ಕುಸುರಿಯು ಇಲ್ಲಿನ ಕುಶಲಿಗಳ ಕೈಯಿಂದ ಬಂದುದು. ಬೆಂಗಳೂರಿನ ಹಳೆಯ ಬಂಗಲೆಗಳನ್ನು ಕುರಿತ ಜಾನೆಟ್ ಪಾಟ್ ಅವರ ಪುಸ್ತಕವು ಹೊರಬಂದುದು 1977ರಲ್ಲಿ. ಆ ಬಳಿಕ ಇಂಥ ಮನೆಗಳು ಒಂದೊಂದಾಗಿ ಉರುಳಿ ಬಹುಮಹಡಿಯ ವಸತಿಗಳಿಗೆ ಎಡೆಮಾಡಿಕೊಟ್ಟಿವೆ. ಸಾರ್ವಜನಿಕ ಕಟ್ಟಡಗಳೂ ನಿರಪಾಯವಲ್ಲ. ಶಿವಾಜಿನಗರದ ರಸೆಲ್ ಮಾರುಕಟ್ಟೆಯು 2012ರ ಫೆಬ್ರವರಿಯಲ್ಲಿ ಬೆಂಕಿಗೆ ತುತ್ತಾಯಿತು. ಅದರ ಹಿಂದಿನ ಸ್ಥಿತಿಯನ್ನು ತಿಳಿಯಲು ಹಳೆಯ ಚಿತ್ರಗಳಿಗಿಂತ ಸ್ಫುಟವಾದ ಸಾಕ್ಷಿ ಯಾವುದಿದೆ?

ಇಂದು ಈ ಹವ್ಯಾಸವು ಹೊಸ ರೂಪದಲ್ಲಿ ಮರಳಿದೆ. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿಯು 1971ರಿಂದ ಹವ್ಯಾಸಿಗಳನ್ನು ಒಂದುಗೂಡಿಸಿದೆ. ಇದಲ್ಲದೆ, ಭಾನುವಾರದ ಮುಂಜಾನೆ ಗುಂಪುಗೂಡಿ ಹಲಸೂರಿನ ಸೋಮೇಶ್ವರ ದೇವಾಲಯದಿಂದ ಶಿವಾಜಿನಗರದ ಸಂತ ಮೇರಿ ಬೆಸಿಲಿಕದವರೆಗೆ ಕ್ಯಾಮರಾ ಹಿಡಿದು ನಡೆಯುವ ತರುಣರು ಹಲವರು. ಆ ಹಾದಿಯು ಸ್ವತಃ ಒಂದು ಪಾಠ: ಒಂದು ತುದಿಯಲ್ಲಿ ವಿಜಯನಗರ ಕಾಲದ ಗೋಪುರ, 48 ಕಂಬಗಳ ಮಂಟಪ, ಗಿರಿಜಾಕಲ್ಯಾಣದ ಮತ್ತು ಕೈಲಾಸವನ್ನೆತ್ತುವ ರಾವಣನ ಶಿಲ್ಪ, ಮತ್ತೊಂದು ತುದಿಯಲ್ಲಿ 1882ರಲ್ಲಿ ಪ್ರತಿಷ್ಠಿತವಾದ, ಗಾಥಿಕ್ ಕಮಾನುಗಳ ಚರ್ಚು.

ಆದರೆ ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳ ತಂಡವೊಂದು ತೆಗೆದ ಇಂಥ ಚಿತ್ರಗಳನ್ನು ನೋಡುವ ಅವಕಾಶವು ನನಗೆ ಒದಗಿತು. ಮಂಕಿಟಾಪುಗಳ ಚಿತ್ರಗಳು ಬಲು ಅಂದವಾಗಿದ್ದವು. ಅವುಗಳಲ್ಲಿ ಒಂದು ಮನೆಯು ಆ ವೇಳೆಗೆ ನೆಲಸಮವಾಗಿತ್ತೆಂದು ತಂಡದವರಿಗೆ ನೆನಪಿತ್ತು. ಅದು ಯಾವ ಬೀದಿಯದು, ಚಿತ್ರವನ್ನು ತೆಗೆದುದು ಯಾವ ವರ್ಷ ಎಂದು ಕೇಳಿದರೆ ಇಬ್ಬರ ಉತ್ತರ ಒಂದಾಗಲಿಲ್ಲ. ಮನೆಯೂ ಇಲ್ಲ, ವಿಳಾಸವೂ ಇಲ್ಲ. ಉಳಿದುದು ಚೆಲುವಾದ ಒಂದು ಕಿಟಕಿ ಮಾತ್ರ. ಇಂಥ ಚಿತ್ರವನ್ನು ಕಾಲನಿರ್ದೇಶವಿಲ್ಲದ, ದೊರೆತ ಸ್ಥಳ ತಿಳಿಯದ ತ್ರುಟಿತ ಶಾಸನಕ್ಕೆ ಹೋಲಿಸಬಹುದು.

ಆದುದರಿಂದ ಈ ಹವ್ಯಾಸದಲ್ಲಿ ತೊಡಗಿರುವ ವಿದ್ಯಾರ್ಥಿಗಳಿಗೂ ಅವರನ್ನು ಕರೆದೊಯ್ಯುವ ಅಧ್ಯಾಪಕರಿಗೂ ಕೆಲವು ಸೂಚನೆಗಳನ್ನು ಮಾಡಬಯಸುತ್ತೇನೆ. ಮೊದಲು ಕಟ್ಟಡವನ್ನು ಇಡಿಯಾಗಿ ತೆಗೆದು, ಆಮೇಲೆ ಅದರ ಅಲಂಕಾರವನ್ನು ತೆಗೆಯಬೇಕು. ಬೀದಿಯ ಹೆಸರು, ದಿನಾಂಕ, ಯಾವ ದಿಕ್ಕಿನಿಂದ ನೋಡಿದುದು ಎಂಬುದನ್ನು ಅಂದೇ ಬರೆದಿಡಬೇಕು. ಅಳತೆ ತಿಳಿಯುವಂತೆ ಒಂದು ಕೋಲನ್ನು ಒಂದು ಚಿತ್ರದಲ್ಲಾದರೂ ಇಡುವುದು ಲೇಸು. ಇಂದಿನ ಕ್ಯಾಮರಾ ದಿನಾಂಕವನ್ನು ತಾನೇ ದಾಖಲಿಸುವುದು ನಿಜ; ಆದರೆ ಚಿತ್ರವು ಮೊಬೈಲಿನಿಂದ ಮೊಬೈಲಿಗೆ ಸಾಗುವಾಗ ಆ ದಾಖಲೆಯು ಕಳಚಿಹೋಗುವುದುಂಟು. ಮನೆ ವಾಸದ್ದಾಗಿದ್ದರೆ ಒಡೆಯರ ಒಪ್ಪಿಗೆಯನ್ನು ಪಡೆಯುವುದು ಸೌಜನ್ಯ. ಮನೆಯ ಚರಿತ್ರೆಯು ದೊರೆಯುವುದೂ ಅನೇಕ ವೇಳೆ ಅವರ ಬಾಯಿಂದಲೇ. ಹೀಗೆ ಸಿದ್ಧವಾದ ಪ್ರತಿಯೊಂದನ್ನು ಕಾಲೇಜಿನ ಗ್ರಂಥಾಲಯದಲ್ಲಿ ಇರಿಸಬೇಕು.

ಡಿಕ್ಸನನಿಗೆ ತಾನು ತೆಗೆದ ಚಿತ್ರವನ್ನು ಮುಂದೆ ಯಾರು ಓದುವರೆಂಬುದು ತಿಳಿದಿರಲಿಲ್ಲ. ಓದುಗರು ದೊರೆತುದು ಅನೇಕ ವರ್ಷಗಳ ಮೇಲೆ. ನಮ್ಮ ತರುಣರ ಚಿತ್ರಗಳಿಗೂ ಅಂಥ ಓದುಗರು ಮುಂದೆ ಬಂದೇ ಬರುವರು. ಅವರು ಬರುವ ವೇಳೆಗೆ ದಂಡಿನ ಎಷ್ಟು ಮನೆಗಳು ನಿಂತಿರುವವೋ ಹೇಳಲಾಗದು. ಮನೆಯನ್ನು ಉಳಿಸುವುದು ನಮ್ಮ ಕೈಯಲ್ಲಿಲ್ಲದಿರಬಹುದು; ಅದರ ಹೆಸರು, ಸ್ಥಳ, ಕಾಲಗಳನ್ನು ಚಿತ್ರದ ಬೆನ್ನಿಗೆ ಬರೆದಿಡುವುದು ನಮ್ಮ ಕೈಯಲ್ಲಿಯೇ ಇದೆ.