೧೭೯೯ರ ಮೈಸೂರು ಒಪ್ಪಂದದ ನಾಲ್ಕನೆಯ ಕಲಮು: ಒಂದು ಉಪವಾಕ್ಯದ ಅರ್ಥವ್ಯಾಪ್ತಿ

ಇಂಗ್ಲಿಷಿನಲ್ಲಿರುವ ರಾಜಕೀಯ ಪತ್ರಗಳನ್ನು ಆಧಾರವಾಗಿಟ್ಟುಕೊಂಡು ಚರಿತ್ರೆಯನ್ನು ಅಭ್ಯಾಸ ಮಾಡುವವರು ಆ ಪತ್ರಗಳ ವ್ಯಾಕರಣದ ಕಡೆಗೆ ಗಮನವೀಯುವುದು ವಿರಳ. ಒಪ್ಪಂದದ ಸಾರಾಂಶ ತಿಳಿದರೆ ಸಾಕು, ವಾಕ್ಯರಚನೆಯ ವಿಚಾರ ಭಾಷಾಶಾಸ್ತ್ರಜ್ಞರಿಗೆ ಸೇರಿದ್ದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಒಂದು ರಾಜ್ಯದ ಐವತ್ತು ವರ್ಷಗಳ ಭವಿತವ್ಯವು ಒಂದು ಸಂಬಂಧಸೂಚಕ ಉಪವಾಕ್ಯದ ಅರ್ಥವನ್ನು ಅವಲಂಬಿಸಿದ್ದ ನಿದರ್ಶನವು ಮೈಸೂರಿನ ಇತಿಹಾಸದಲ್ಲಿಯೇ ದೊರೆಯುತ್ತದೆ. ಅದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೧೭೯೯ನೆಯ ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದು ಟಿಪ್ಪು ಸುಲ್ತಾನನು ಮಡಿದ ತರುವಾಯ, ಜುಲೈ ೮ರಂದು ಈಸ್ಟ್ ಇಂಡಿಯಾ ಕಂಪೆನಿಗೂ ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರಿಗೂ ಸಹಾಯಕ ಸೈನ್ಯದ ಒಪ್ಪಂದವಾಯಿತು. ಅದರ ಎರಡನೆಯ ಕಲಮಿನಂತೆ ಮೈಸೂರು ಪ್ರತಿವರ್ಷವೂ ೭ ಲಕ್ಷ ಸ್ಟಾರ್ ಪಗೋಡಾ ವರಹಗಳನ್ನು ಕಂಪೆನಿಗೆ ಸಲ್ಲಿಸಬೇಕಾಗಿತ್ತು. ಈ ಹಣ ನಿಂತುಹೋದೀತೆಂಬ ಶಂಕೆಗೆ ಕಾರಣ ಕಂಡುಬಂದಾಗ ಏನು ಮಾಡಬಹುದೆಂಬುದನ್ನು ನಾಲ್ಕನೆಯ ಕಲಮು ವಿಧಿಸುತ್ತದೆ. ಗವರ್ನರ್ ಜನರಲರು ಆಡಳಿತಕ್ಕೆ ಬೇಕಾದ ನಿಯಮಗಳನ್ನು ಜಾರಿಗೆ ತರಬಹುದು, ಇಲ್ಲವೆ ರಾಜ್ಯದ ‘ಸಚ್ ಪಾರ್ಟ್ ಆರ್ ಪಾರ್ಟ್ಸ್’ ಅನ್ನು, ಎಂದರೆ ಅಂತಹ ಭಾಗವನ್ನು ಅಥವಾ ಭಾಗಗಳನ್ನು, ಕಂಪೆನಿಯ ನೌಕರರ ನೇರ ಆಡಳಿತಕ್ಕೆ ತೆಗೆದುಕೊಳ್ಳಬಹುದು. ಎಂತಹ ಭಾಗಗಳು? ಆ ಹಣವು ಯುದ್ಧಕಾಲದಲ್ಲಾಗಲಿ ಶಾಂತಿಕಾಲದಲ್ಲಾಗಲಿ ಸರಿಯಾಗಿ ದೊರೆಯುವಂತೆ ಮಾಡಲು ಅವಶ್ಯವೆಂದು ತಮಗೆ ತೋರತಕ್ಕಂಥವು. ಈ ಕೊನೆಯ ಮಾತೇ ನಮ್ಮ ವಿಚಾರದ ಉಪವಾಕ್ಯ. ಇಂಗ್ಲಿಷಿನಲ್ಲಿ ಅದು ‘ಆ್ಯಸ್ ಶಲ್ ಅಪಿಯರ್’ ಎಂದು ಆರಂಭವಾಗುತ್ತದೆ.

ಈ ರಚನೆಯಲ್ಲಿ ಮೂರು ಅಂಗಗಳನ್ನು ನಾವು ಬೇರ್ಪಡಿಸಿ ನೋಡಬೇಕು.

ಮೊದಲನೆಯದು ಪರಿಮಾಣವಾಚಕ. ಇಂಗ್ಲಿಷಿನಲ್ಲಿ ಎಲ್ಲ, ಕೆಲವು, ಯಾವುದೇ, ಒಂದೂ ಇಲ್ಲ ಎಂಬರ್ಥದ ಪದಗಳು ಉಪವಾಕ್ಯದೊಡನೆ ಸೇರಿದಾಗ, ಯಾವುದು ಯಾವುದನ್ನು ಮಿತಿಗೊಳಿಸುತ್ತದೆಂಬುದು ಮುಖ್ಯವಾಗುತ್ತದೆ. ‘ಬೇಕಾಗಬಹುದಾದ ಹಳ್ಳಿಗಳೆಲ್ಲವನ್ನೂ ಒಪ್ಪಿಸತಕ್ಕದ್ದು’ ಎಂಬುದು ಒಂದು ಮಾತು. ‘ಹಳ್ಳಿಗಳೆಲ್ಲವನ್ನೂ ಒಪ್ಪಿಸತಕ್ಕದ್ದು, ಅವುಗಳಲ್ಲಿ ಕೆಲವು ಬೇಕಾಗಬಹುದು’ ಎಂಬುದು ಬೇರೊಂದು ಮಾತು. ಮೊದಲನೆಯದರಲ್ಲಿ ಉಪವಾಕ್ಯವು ಗುಂಪನ್ನು ಮೊದಲು ಕಿರಿದುಮಾಡುತ್ತದೆ, ಆ ಬಳಿಕ ‘ಎಲ್ಲ’ ಎಂಬುದು ಆ ಕಿರಿದಾದ ಗುಂಪಿಗೆ ಮಾತ್ರ ಅನ್ವಯಿಸುತ್ತದೆ. ಎರಡನೆಯದರಲ್ಲಿ ‘ಎಲ್ಲ’ ಎಂಬುದಕ್ಕೆ ಯಾವ ಕಡಿವಾಣವೂ ಇಲ್ಲ. ಉಪವಾಕ್ಯವು ಕೇವಲ ಹೆಚ್ಚಿನ ಸಂಗತಿಯನ್ನು ತಿಳಿಸುತ್ತದೆ. ‘ಸಚ್’ ಎಂದು ಆರಂಭಿಸಿ ‘ಆ್ಯಸ್’ ಎಂದು ಮುಂದುವರಿಯುವ ರಚನೆಯು ಮೊದಲನೆಯ ವರ್ಗಕ್ಕೆ ಸೇರಿದ್ದು. ‘ಸಚ್’ ಎಂಬುದು ತಾನಾಗಿ ಯಾವ ಅಳತೆಯನ್ನೂ ಹೇಳುವುದಿಲ್ಲ. ಅಳತೆಯನ್ನು ಕೊಡುವುದು ಅದನ್ನು ಹಿಂಬಾಲಿಸುವ ಉಪವಾಕ್ಯವೇ.

ಎರಡನೆಯದು ‘ಶಲ್’ ಎಂಬ ಸಹಾಯಕ ಕ್ರಿಯಾಪದ. ಪ್ರಧಾನ ವಾಕ್ಯದಲ್ಲಿ ಅದು ವಿಧಿಯನ್ನೋ ಹಕ್ಕನ್ನೋ ಸೂಚಿಸುತ್ತದೆ; ಕನ್ನಡದ ‘ತಕ್ಕದ್ದು’ ಎಂಬುದು ಅದಕ್ಕೆ ಸಮೀಪವಾದ ರೂಪ. ಆದರೆ ಅಧೀನ ವಾಕ್ಯದಲ್ಲಿ ಅದೇ ಪದವು ಯಾರಿಗೂ ಆಜ್ಞೆಯನ್ನು ಕೊಡುವುದಿಲ್ಲ. ಮುಂದೆ ಎಂದಾದರೂ ಒದಗಬಹುದಾದ ಸಂದರ್ಭವನ್ನಷ್ಟೆ ಸೂಚಿಸುತ್ತದೆ. ಈ ಎರಡು ಪ್ರಯೋಗಗಳು ಬೆರೆತು ಗೊಂದಲವಾಗುವುದನ್ನು ಕಂಡೇ ಜಾರ್ಜ್ ಕೂಡ್ ಎಂಬ ಇಂಗ್ಲಿಷ್ ನ್ಯಾಯವಾದಿಯು ೧೮೪೩ರಲ್ಲಿ, ಶಾಸನದಲ್ಲಿ ‘ಶಲ್’ ಎಂಬುದನ್ನು ವಿಧಿಭಾಗಕ್ಕೆ ಮೀಸಲಿಟ್ಟು, ಸಂದರ್ಭಗಳನ್ನೂ ಷರತ್ತುಗಳನ್ನೂ ಬೇರೆ ಕ್ರಿಯಾರೂಪದಿಂದ ಹೇಳಬೇಕೆಂದು ವಾದಿಸಿದನು. ೧೭೯೯ರಲ್ಲಿ ಆ ವಿವೇಚನೆ ಇರಲಿಲ್ಲ.

ಮೂರನೆಯದು, ಅವಶ್ಯಕತೆಯ ನಿರ್ಣಯ. ಭಾಗವು ಅವಶ್ಯ‘ವಾಗಿರಬೇಕು’ ಎಂದು ಕಲಮು ಹೇಳಲಿಲ್ಲ; ಗವರ್ನರ್ ಜನರಲರಿಗೆ ಅವಶ್ಯವೆಂದು ‘ತೋರಬೇಕು’ ಎಂದಿತು. ನಿರ್ಣಾಯಕನು ಕರಾರಿನ ಪಕ್ಷಗಳಲ್ಲಿ ಒಂದೇ ಆಯಿತು. ಆದರೆ ಆತನು ಯಾವ ಪ್ರಶ್ನೆಯನ್ನು ನಿರ್ಣಯಿಸಬೇಕೆಂಬುದನ್ನು ಕಲಮು ಬಿಗಿಯಾಗಿ ಕಟ್ಟಿದೆ: ಹಣ ದೊರೆಯುವಂತೆ ಮಾಡಲು ಎಷ್ಟು ಭಾಗ ಬೇಕು ಎಂಬುದೊಂದೇ ಆ ಪ್ರಶ್ನೆ. ಹೀಗೆ ಒಂದೇ ಉಪವಾಕ್ಯದಲ್ಲಿ ವಿಶಾಲವಾದ ವಿವೇಚನಾಧಿಕಾರವೂ ಅದರ ಮೇರೆಯೂ ಒಟ್ಟಿಗೆ ಇವೆ.

ನಗರದ ರೈತರ ದಂಗೆಯ ತರುವಾಯ, ೧೮೩೧ರ ಸೆಪ್ಟೆಂಬರ್‌ನಲ್ಲಿ ಲಾರ್ಡ್ ವಿಲಿಯಂ ಬೆಂಟಿಂಕನು ಮಹಾರಾಜರಿಗೆ ಪತ್ರ ಬರೆದು ರಾಜ್ಯವನ್ನು ಒಪ್ಪಿಸುವಂತೆ ತಿಳಿಸಿದನು. ಅಕ್ಟೋಬರ್‌ನಲ್ಲಿ ಆಡಳಿತವು ಕಮಿಷನರುಗಳ ಕೈಸೇರಿತು. ತೆಗೆದುಕೊಂಡದ್ದು ಒಂದು ಭಾಗವನ್ನಲ್ಲ, ಇಡೀ ರಾಜ್ಯವನ್ನು. ಇದಕ್ಕೆ ಒಪ್ಪಂದದ ಬೆಂಬಲವಿತ್ತೆ?

‘ಭಾಗಗಳು’ ಎಂಬ ಬಹುವಚನಕ್ಕೆ ಗರಿಷ್ಠ ಮಿತಿಯನ್ನು ಹೇಳಿಲ್ಲವಾದುದರಿಂದ ಎಲ್ಲ ಭಾಗಗಳೂ ಸೇರಿದರೆ ಇಡೀ ರಾಜ್ಯವೇ ಆಗುತ್ತದೆಂದು ವಾದಿಸಲು ಸಾಧ್ಯವಿದೆ. ಕೇವಲ ತರ್ಕದ ದೃಷ್ಟಿಯಿಂದ ಈ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಐದನೆಯ ಕಲಮನ್ನು ಜೊತೆಗಿಟ್ಟು ಓದಿದಾಗ ಅದರ ಬಲ ಕುಗ್ಗುತ್ತದೆ. ಅಲ್ಲಿ, ಯಾವುದೇ ಭಾಗ ಅಥವಾ ಭಾಗಗಳು ಕಂಪೆನಿಯ ವಶದಲ್ಲಿರುವವರೆಗೆ ಅವುಗಳ ಉತ್ಪತ್ತಿಯ ಲೆಕ್ಕವನ್ನು ಮಹಾರಾಜರಿಗೆ ಒಪ್ಪಿಸತಕ್ಕದ್ದೆಂದೂ, ಮಹಾರಾಜರ ವರಮಾನವು ಯಾವ ಸಂದರ್ಭದಲ್ಲಿಯೂ ೧ ಲಕ್ಷ ವರಹ ಹಾಗೂ ‘ಇಡೀ’ ರಾಜ್ಯದ ನಿವ್ವಳ ಉತ್ಪತ್ತಿಯ ಐದನೆಯ ಒಂದು ಪಾಲಿಗಿಂತ ಕಡಮೆಯಾಗಕೂಡದೆಂದೂ ಹೇಳಿದೆ. ಒಪ್ಪಂದವನ್ನು ಬರೆದವರಿಗೆ ‘ಇಡೀ’ ಎಂಬರ್ಥದ ಪದವು ತಿಳಿದಿತ್ತು. ಬೇಕಾದ ಕಡೆ ಅದನ್ನು ಬಳಸಿದರು. ವಶಪಡಿಸಿಕೊಳ್ಳುವ ಮಾತಿನಲ್ಲಿ ಮಾತ್ರ ಎರಡು ಕಲಮುಗಳಲ್ಲಿಯೂ ‘ಭಾಗ ಅಥವಾ ಭಾಗಗಳು’ ಎಂದೇ ಬರೆದರು. ಈ ವ್ಯತ್ಯಾಸವು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ.

ನಮ್ಮ ಈ ಅಭಿಪ್ರಾಯಕ್ಕೆ ಸ್ವತಃ ಬೆಂಟಿಂಕನೇ ಸಾಕ್ಷಿ. ೧೮೩೪ರ ಏಪ್ರಿಲ್‌ನಲ್ಲಿ ಕಂಪೆನಿಯ ಡೈರೆಕ್ಟರುಗಳಿಗೆ ಬರೆದ ಪತ್ರದಲ್ಲಿ ಅವನು ತನ್ನ ಕ್ರಮದ ನ್ಯಾಯಬದ್ಧತೆಯ ಬಗೆಗೆ ಸಂದೇಹವನ್ನು ವ್ಯಕ್ತಪಡಿಸಿದನು. ರಾಜ್ಯವನ್ನು ತೆಗೆದುಕೊಂಡದ್ದು ದುರಾಡಳಿತದ ಕಾರಣದಿಂದ. ಒಪ್ಪಂದವು ಹೇಳುವ ಕಾರಣವಾದರೋ ಪೊಗದಿಯ ಹಣದ ಭದ್ರತೆ, ಮತ್ತು ಆ ಹಣಕ್ಕೆ ಆಗ ಸದ್ಯದ ಅಪಾಯವೇನೂ ಇದ್ದಂತಿರಲಿಲ್ಲ. ಒಂದು ಭಾಗ ಸಾಕಾಗುತ್ತಿದ್ದಲ್ಲಿ ಸಮಸ್ತವನ್ನೂ ತೆಗೆದುಕೊಳ್ಳಲಾಗಿದೆ ಎಂಬುದು ಅವನ ಮಾತಿನ ತಾತ್ಪರ್ಯ. ಒಂದು ಭಾಗವನ್ನಾದರೂ ಮಹಾರಾಜರಿಗೆ ಹಿಂದಿರುಗಿಸಬೇಕೆಂದು ಅವನು ಸೂಚಿಸಿದನು. ಡೈರೆಕ್ಟರುಗಳು ಒಪ್ಪಲಿಲ್ಲ. ಮುಂದೆ ೧೮೬೧ರಲ್ಲಿ ಮಹಾರಾಜರು ಲಾರ್ಡ್ ಕ್ಯಾನಿಂಗನಿಗೆ ಮಾಡಿಕೊಂಡ ಮನವಿಯೂ ಫಲಿಸಲಿಲ್ಲ. ರಾಜ್ಯವು ಮರಳಿ ಒಡೆಯರ ಕೈಸೇರಿದುದು ೧೮೮೧ರ ಮಾರ್ಚ್ ೨೫ರಂದು; ಮುಮ್ಮಡಿಯವರು ೧೮೬೮ರಲ್ಲಿಯೇ ಗತಿಸಿದ್ದರು, ಪಟ್ಟವು ಅವರ ದತ್ತುಪುತ್ರರಾದ ಚಾಮರಾಜೇಂದ್ರ ಒಡೆಯರಿಗೆ ಸಂದಿತ್ತು.

ಆ ೧೮೮೧ರ ಅಧಿಕಾರ ವರ್ಗಾವಣೆಯ ಪತ್ರವನ್ನು ೧೭೯೯ರ ಒಪ್ಪಂದದ ಪಕ್ಕದಲ್ಲಿಟ್ಟು ನೋಡಿದಾಗ, ವಾಕ್ಯರಚನೆಯಲ್ಲಿ ಆದ ಬದಲಾವಣೆ ಗಮನಾರ್ಹವಾಗಿದೆ. ಷರತ್ತುಗಳು ಭಂಗವಾದಲ್ಲಿ ಗವರ್ನರ್ ಜನರಲರು ‘ಸದರಿ ಪ್ರಾಂತ’ವನ್ನು ಮರಳಿ ವಶಕ್ಕೆ ತೆಗೆದುಕೊಳ್ಳಬಹುದೆಂದು ಅದು ಹೇಳುತ್ತದೆ. ‘ಭಾಗ ಅಥವಾ ಭಾಗಗಳು’ ಎಂಬ ಪರಿಮಾಣವಾಚಕವು ಮಾಯವಾಗಿದೆ. ಸಲಹೆಯ ವಿಷಯದಲ್ಲಿಯೂ ಹೀಗೆಯೇ. ೧೭೯೯ರಲ್ಲಿ, ಕಂಪೆನಿಯು ಕೊಡುವುದು ಅವಶ್ಯವೆಂದು ಎಣಿಸತಕ್ಕ ಸಲಹೆಗೆ ಮಹಾರಾಜರು ‘ಅತ್ಯಂತ ಗಮನ’ವನ್ನು ಕೊಡಬೇಕಿತ್ತು, ೧೮೮೧ರಲ್ಲಿ, ಗವರ್ನರ್ ಜನರಲರು ಕೊಡಬಹುದಾದ ಸಲಹೆಯಂತೆ ಅವರು ‘ನಡೆದುಕೊಳ್ಳತಕ್ಕದ್ದು’ ಎಂದಾಯಿತು. ಪ್ರಧಾನ ವಾಕ್ಯದಲ್ಲಿ ಮಹಾರಾಜರ ಕರ್ತವ್ಯವು ಬಿಗಿಯಾಯಿತು. ಉಪವಾಕ್ಯದಲ್ಲಿ ‘ಶಲ್’ ಹೋಗಿ ‘ಮೇ’ ಬಂದು, ಅವಶ್ಯಕತೆಯ ಮಾತು ಬಿಟ್ಟುಹೋಯಿತು. ಹಿಂದಿನ ಅರ್ಧ ಶತಮಾನದ ವಿವಾದಕ್ಕೆ ಆಸ್ಪದ ಕೊಟ್ಟಿದ್ದ ಎಡೆಯು ಹೀಗೆ ಮುಚ್ಚಿಹೋಯಿತೆಂದು ಹೇಳಬಹುದು.

ಇಂತಹ ಪತ್ರಗಳನ್ನು ಕನ್ನಡದಲ್ಲಿ ಬೋಧಿಸುವ ನಮಗೆ ಇದರಿಂದ ಒಂದು ಹೊಣೆಯು ಒದಗುತ್ತದೆ. ಕನ್ನಡದಲ್ಲಿ ಉಪವಾಕ್ಯವು ಸಾಮಾನ್ಯವಾಗಿ ಕೃದಂತವಾಗಿ ನಾಮಪದದ ಹಿಂದೆ ನಿಲ್ಲುತ್ತದೆ. ‘ಅವಶ್ಯವಾದ ಭಾಗಗಳನ್ನು ತೆಗೆದುಕೊಳ್ಳಬಹುದು’ ಎಂದು ಬರೆದರೆ ವಾಕ್ಯವು ಸುಲಭವಾಯಿತು. ಆದರೆ ಅವಶ್ಯಕತೆಯನ್ನು ನಿರ್ಣಯಿಸುವವರು ಯಾರೆಂಬುದು ಬಿಟ್ಟುಹೋಯಿತು. ‘ತಮಗೆ ತೋರಿದ ಭಾಗಗಳನ್ನು’ ಎಂದರೆ ನಿರ್ಣಾಯಕನು ಉಳಿದನು. ಆದರೆ ಮೇರೆ ಅಳಿಯಿತು. ‘ಹಣದ ಭದ್ರತೆಗೆ ಎಷ್ಟು ಭಾಗ ಅವಶ್ಯವೆಂದು ತಮಗೆ ತೋರುವುದೋ ಅಷ್ಟನ್ನು’ ಎಂದು ಬರೆದಾಗಲೇ ಎರಡೂ ಉಳಿಯುತ್ತವೆ. ‘ಎಷ್ಟು–ಅಷ್ಟು’ ಎಂಬ ನಮ್ಮ ಜೋಡಿಯು ಇಂಗ್ಲಿಷಿನ ‘ಸಚ್–ಆ್ಯಸ್’ ಜೋಡಿಯ ಕೆಲಸವನ್ನು ಇಲ್ಲಿ ಚೆನ್ನಾಗಿಯೇ ನಿರ್ವಹಿಸುತ್ತದೆ.

‘ಒಪ್ಪಂದದ ಪ್ರಕಾರ ಬ್ರಿಟಿಷರು ಮೈಸೂರನ್ನು ವಹಿಸಿಕೊಂಡರು’ ಎಂದು ವಿದ್ಯಾರ್ಥಿಯು ಉತ್ತರ ಬರೆದರೆ, ಬೆಂಟಿಂಕನೇ ಸಂದೇಹಿಸಿದ ಸಂಗತಿಯನ್ನು ಅವನು ನಿಸ್ಸಂದೇಹವೆಂದು ಬರೆದಂತಾಗುತ್ತದೆ. ದುರಾಡಳಿತವು ನಿಜವಾಗಿ ಎಷ್ಟಿತ್ತು, ಕಮಿಷನರುಗಳ ಆಡಳಿತದಿಂದ ಪ್ರಜೆಗಳಿಗೆ ಏನು ಲಾಭವಾಯಿತು ಎಂಬುವು ಬೇರೆ ಪ್ರಶ್ನೆಗಳು. ಅವುಗಳಿಗೆ ಬೇರೆ ಆಧಾರಗಳಿವೆ. ಒಪ್ಪಂದವು ಏನನ್ನು ಅನುಮತಿಸಿತೆಂಬ ಪ್ರಶ್ನೆಗೆ ಮಾತ್ರ ಉತ್ತರವಿರುವುದು ಆ ವಾಕ್ಯದಲ್ಲಿಯೇ. ಆದಕಾರಣ ಅದನ್ನು ಪೂರ್ತಿಯಾಗಿ, ಅದರ ಉಪವಾಕ್ಯದ ಕೊನೆಯ ಪದದವರೆಗೂ ಓದುವುದು ಚರಿತ್ರಕಾರನ ಕೆಲಸವೇ ಆಗಿದೆ.