ವಿದ್ಯಾರ್ಥಿ ಆರ್ಥಿಕ ನೆರವು (ಅಮೆರಿಕ)

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಓದುವವರಿಗೆ ಅನುದಾನ, ವಿದ್ಯಾರ್ಥಿವೇತನ, ಕ್ಯಾಂಪಸ್ ಕೆಲಸ, ಸಾಲ ಇವುಗಳ ರೂಪದಲ್ಲಿ ಸಿಗುವ ಹಣಸಹಾಯ. ಕೇಂದ್ರ ಸರ್ಕಾರದ ನೆರವಿಗೆ 1965ರ ಉನ್ನತ ಶಿಕ್ಷಣ ಕಾಯ್ದೆ ಆಧಾರ. ಬೋಧನಾ ಶುಲ್ಕ, ಊಟ, ವಸತಿ, ಪುಸ್ತಕ, ಓಡಾಟ ಎಲ್ಲ ಸೇರಿಸಿ ಪ್ರತಿ ವಿಶ್ವವಿದ್ಯಾಲಯವೂ ವರ್ಷದ ಅಂದಾಜು ವೆಚ್ಚ ಪ್ರಕಟಿಸುತ್ತದೆ. ಒಟ್ಟು ನೆರವು ಅದನ್ನು ಮೀರುವಂತಿಲ್ಲ. ಒಂದು ಖರ್ಚು ಅಂದಾಜಿನಲ್ಲಿದೆ ಎಂದ ಮಾತ್ರಕ್ಕೆ ಅದಕ್ಕೆ ದುಡ್ಡು ಸಿಕ್ಕಿತೆಂದಲ್ಲ. ಬಡ ಪದವಿ ವಿದ್ಯಾರ್ಥಿಗಳಿಗೆ ಕೊಡುವ, ಸಾಮಾನ್ಯವಾಗಿ ಮರಳಿಸಬೇಕಿಲ್ಲದ ಪೆಲ್ ಅನುದಾನದ ಗರಿಷ್ಠ ಮೊತ್ತ 2024–25ರಲ್ಲಿ 7,395 ಡಾಲರ್. ಕೆಲವು ಮಂಜೂರಾತಿ ಪತ್ರಗಳು ಅನುದಾನ, ಸಾಲ ಎರಡನ್ನೂ ಕೂಡಿಸಿ ಒಂದೇ ಮೊತ್ತ ತೋರಿಸುತ್ತವೆ. ಇದು ಕುಟುಂಬಗಳ ದಾರಿ ತಪ್ಪಿಸುವ ರೂಢಿ.

ಹಣ ಮೊದಲು ಶುಲ್ಕಕ್ಕೂ ಕ್ಯಾಂಪಸ್ ವಸತಿಗೂ ಜಮೆಯಾಗುತ್ತದೆ. ಉಳಿದದ್ದು ಮಾತ್ರ ವಿದ್ಯಾರ್ಥಿಯ ಕೈಗೆ, ಅದೂ ಸಾಮಾನ್ಯವಾಗಿ ಸೆಮಿಸ್ಟರ್ ಶುರುವಾಗುವ ಹೊತ್ತಿಗೆ. ಹೊರಗೆ ಬಾಡಿಗೆ ಮನೆ ಹಿಡಿಯುವವರು ಮುಂಗಡವನ್ನು ಅದಕ್ಕೂ ಮೊದಲೇ ಹೊಂದಿಸಿಕೊಳ್ಳಬೇಕು.

ಎಫ್-1 ವಿದ್ಯಾರ್ಥಿ ವೀಸಾದವರಿಗೆ ಅಮೆರಿಕದ ಕೇಂದ್ರ ಸರ್ಕಾರದ ಈ ನೆರವು ಇಲ್ಲ. ಕರ್ನಾಟಕದಿಂದ ಉನ್ನತ ವ್ಯಾಸಂಗಕ್ಕೆ ಹೋಗುವವರಿಗೆ ಬೋಧನಾ ಅಥವಾ ಸಂಶೋಧನಾ ಸಹಾಯಕ ಹುದ್ದೆ ದೊಡ್ಡ ಆಸರೆ. ಪಿಎಚ್.ಡಿ.ಯವರಿಗೆ ಇದು ಸಿಗುವುದೇ ಹೆಚ್ಚು, ಎಂ.ಎಸ್.ನವರಿಗೆ ಕಡಿಮೆ. ಈ ಹುದ್ದೆಯಿಂದ ಬೋಧನಾ ಶುಲ್ಕ ಮನ್ನಾ ಆಗಿ ತಿಂಗಳ ಭತ್ಯೆ ಬಂದರೂ ‘ಕಡ್ಡಾಯ ಶುಲ್ಕ’ದ ಪ್ರತ್ಯೇಕ ಬಿಲ್ ಹಲವೆಡೆ ಕೈಸೇರುತ್ತದೆ. ಒಂಬತ್ತು ತಿಂಗಳ ನೇಮಕವಾದರೆ ಬೇಸಿಗೆಯಲ್ಲಿ ಭತ್ಯೆ ನಿಲ್ಲುತ್ತದೆ, ಮನೆ ಬಾಡಿಗೆ ನಿಲ್ಲುವುದಿಲ್ಲ. ಆರೋಗ್ಯ ವಿಮೆ ಇದ್ದರೂ ಹಲ್ಲು, ಕಣ್ಣಿನ ಚಿಕಿತ್ಸೆ ಅನೇಕ ಸಲ ಅದರಿಂದ ಹೊರಗೆ. ವೀಸಾ ಶುಲ್ಕ, ವಿಮಾನದ ಟಿಕೆಟ್ ಬಹುಮಟ್ಟಿಗೆ ಮನೆಯವರದೇ ಹೊಣೆ.