ಹ್ಯಾಂಡಲ್‌ನಿಂದ ಸೆಲ್ಫ್‌ವರೆಗೆ: ಒಂದು ಪುಟ್ಟ ಮೋಟಾರಿನ ಇತಿಹಾಸ

ಮುನವಳ್ಳಿಯ ಗ್ಯಾರೇಜುಗಳಲ್ಲಿ ‘ಸ್ಟಾರ್ಟರ್ ಮೋಟಾರ್’ ಎಂಬ ಮಾತು ಕೇಳಿಬರುವುದು ಕಡಿಮೆ. “ಸೆಲ್ಫ್ ಹೊಡಿ”, “ಗಾಡಿ ಸೆಲ್ಫ್ ತಗೊಳ್ಳವಲ್ದು” ಎಂಬುದೇ ಅಲ್ಲಿಯ ರೂಢಿ. ಬೆಂಗಳೂರಿನಿಂದ ಬೀದರಿನವರೆಗೆ ಮೆಕ್ಯಾನಿಕರ ಬಾಯಲ್ಲಿರುವುದೂ ಇದೇ ಪದ. ‘ಸೆಲ್ಫ್’ ಎಂದರೆ ‘ತಾನೇ’ ಎಂದರ್ಥ. ಯಂತ್ರದ ಒಂದು ಭಾಗಕ್ಕೆ ಇಂಥ ಹೆಸರು ಏಕೆ ಬಂತು? ಒಂದು ಕಾಲದಲ್ಲಿ ಎಂಜಿನ್ ತಾನೇ ಏಳುತ್ತಿರಲಿಲ್ಲ, ಮನುಷ್ಯನ ತೋಳು ಅದನ್ನು ಎಬ್ಬಿಸಬೇಕಾಗಿತ್ತು. ಮೋಟಾರು ವಾಹನದ ಇತಿಹಾಸದ ಒಂದು ಅಧ್ಯಾಯವೇ ಈ ಪುಟ್ಟ ಪದದಲ್ಲಿ ಅಡಗಿದೆ. ಆ ಅಧ್ಯಾಯವನ್ನು ತಿಳಿದವನಿಗೆ ಹಳೆಯ ವಾಹನದ ಸೆಲ್ಫ್ ಕೈಕೊಟ್ಟಾಗ ದೋಷ ಎಲ್ಲಿದೆಯೆಂದು ಹುಡುಕುವ ದಾರಿಯೂ ತಿಳಿಯುತ್ತದೆ.

ತೋಳುಬಲದ ಕಾಲ

ಉಗಿಯಂತ್ರಕ್ಕೆ ಉಗಿ ಬಿಟ್ಟರೆ ಸಾಕು, ಚಲಿಸತೊಡಗುತ್ತದೆ. ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ ಹಾಗಲ್ಲ. ಅದು ಮೊದಲು ಗಾಳಿಯನ್ನು ಒಳಗೆಳೆದುಕೊಳ್ಳಬೇಕು, ಅದನ್ನು ಒತ್ತಬೇಕು. ಆಮೇಲಷ್ಟೇ ಇಂಧನ ಉರಿದು ಶಕ್ತಿ ಹುಟ್ಟುತ್ತದೆ. ಅಂದರೆ ಎಂಜಿನ್ ತಿರುಗಬೇಕಾದರೆ ಮೊದಲು ಯಾರಾದರೂ ಅದನ್ನು ತಿರುಗಿಸಬೇಕು. ಆರಂಭದ ಕಾರುಗಳಲ್ಲಿ ಮುಂಭಾಗದ ರಂಧ್ರಕ್ಕೆ ಕಬ್ಬಿಣದ ಹ್ಯಾಂಡಲ್ ಹಾಕಿ ಜೋರಾಗಿ ತಿರುವುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಸಣ್ಣ ಡೀಸೆಲ್ ಪಂಪ್‌ಸೆಟ್ಟನ್ನು ಹ್ಯಾಂಡಲ್‌ನಿಂದ ಎಬ್ಬಿಸುವುದನ್ನು ನೀವು ನೋಡಿರಬಹುದು.

ಈ ಕೆಲಸ ಅಪಾಯದ್ದಾಗಿತ್ತು. ಕಿಡಿ ಅಕಾಲದಲ್ಲಿ ಹೊತ್ತಿಕೊಂಡರೆ ಎಂಜಿನ್ ಹಿಮ್ಮುಖವಾಗಿ ಒದೆಯುತ್ತಿತ್ತು. ಮಣಿಕಟ್ಟು ಮುರಿದವರೂ ದವಡೆಗೆ ಪೆಟ್ಟು ತಿಂದವರೂ ಅನೇಕರು. ಹೆಬ್ಬೆರಳನ್ನು ಹ್ಯಾಂಡಲ್ ಸುತ್ತ ಬಿಗಿಯದೆ ಉಳಿದ ಬೆರಳುಗಳ ಕಡೆಗೇ ಇಡಬೇಕು ಎಂಬ ಎಚ್ಚರಿಕೆಯನ್ನು ಚಾಲಕರು ಮೊದಲ ಪಾಠವಾಗಿ ಕಲಿಯುತ್ತಿದ್ದರು. ತೋಳಿನಲ್ಲಿ ಅಷ್ಟು ಬಲವಿಲ್ಲದವರಿಗೆ ಕಾರು ನಡೆಸುವುದೇ ದುಸ್ತರವಾಗಿತ್ತು.

ಗಲ್ಲಾಪೆಟ್ಟಿಗೆಯಿಂದ ಬಂದ ಉಪಾಯ

ವಿದ್ಯುತ್ತಿನಿಂದ ಎಂಜಿನ್ ಎಬ್ಬಿಸುವ ಯೋಚನೆ ಹಳೆಯದು. 1896ರಲ್ಲಿಯೇ ಇಂಗ್ಲೆಂಡಿನಲ್ಲಿ ‘ಆರ್ನಾಲ್ಡ್’ ಕಾರೊಂದಕ್ಕೆ ಅಂಥ ಮೋಟಾರನ್ನು ಅಳವಡಿಸಿದ್ದರು. ಆದರೆ ಎಂಜಿನ್ನನ್ನು ತಿರುಗಿಸುವಷ್ಟು ಬಲವುಳ್ಳ ಮೋಟಾರು ಬಹಳ ದೊಡ್ಡದಾಗಿರಬೇಕು, ಅದನ್ನು ಕಾರಿನಲ್ಲಿ ಹೊರುವುದು ಹೇಗೆ ಎಂಬುದೇ ಎಲ್ಲರನ್ನೂ ಕಾಡುತ್ತಿದ್ದ ಪ್ರಶ್ನೆ.

ಉತ್ತರ ಬಂದದ್ದು ಅಂಗಡಿಯ ಗಲ್ಲಾಪೆಟ್ಟಿಗೆಯಿಂದ! ಅಮೆರಿಕದ ಡೇಟನ್ ನಗರದ ಚಾರ್ಲ್ಸ್ ಕೆಟ್ಟರಿಂಗ್ ಮೊದಲು ಕ್ಯಾಷ್ ರಿಜಿಸ್ಟರ್ ತಯಾರಿಸುವ ಕಂಪನಿಯಲ್ಲಿದ್ದರು. ಅದರ ಪೆಟ್ಟಿಗೆಯನ್ನು ತೆರೆಯಲು ಪುಟ್ಟ ವಿದ್ಯುತ್ ಮೋಟಾರನ್ನು ಬಳಸಿದ್ದರು. ಆ ಮೋಟಾರು ದಿನವಿಡೀ ದುಡಿಯಬೇಕಾಗಿಲ್ಲ, ಒಂದು ಕ್ಷಣ ಮಾತ್ರ ಬಲ ತೋರಿದರೆ ಸಾಕು. ಕಾರಿಗೂ ಬೇಕಾದದ್ದು ಇದೇ ಎಂದು ಅವರು ಕಂಡುಕೊಂಡರು. ಸಣ್ಣ ಮೋಟಾರಿಗೆ ಕೆಲವೇ ಕ್ಷಣ ಅದರ ಶಕ್ತಿಗೆ ಮೀರಿದ ವಿದ್ಯುತ್ ಕೊಟ್ಟರೆ ಅದು ಸುಟ್ಟುಹೋಗುವ ಮೊದಲೇ ಎಂಜಿನ್ ಎದ್ದಿರುತ್ತದೆ. ಕ್ಯಾಡಿಲಾಕ್ ಕಂಪನಿಯ ಹೆನ್ರಿ ಲೆಲೆಂಡ್ ಅವರ ಪ್ರೋತ್ಸಾಹದಿಂದ 1911ರಲ್ಲಿ ಈ ಸಾಧನ ಸಿದ್ಧವಾಯಿತು. 1912ರ ಮಾದರಿಯ ಕ್ಯಾಡಿಲಾಕ್ ಕಾರುಗಳು ಅದರೊಡನೆ ಮಾರುಕಟ್ಟೆಗೆ ಬಂದವು. 1919ರಲ್ಲಿ ಫೋರ್ಡ್ ಕಂಪನಿಯ ಜನಪ್ರಿಯ ‘ಮಾಡೆಲ್ ಟಿ’ಗೂ ಸೆಲ್ಫ್ ದೊರೆಯಿತು.

‘ಕ್ಷಣಕಾಲದ ಮಹಾಬಲ’ ಎಂಬ ಈ ತತ್ವವನ್ನು ನೆನಪಿಡಿ. ಸೆಲ್ಫಿನ ಗುಣ ಇರುವುದೂ ಇದರಲ್ಲೇ, ದೋಷ ಹುಟ್ಟುವುದೂ ಇದರಲ್ಲೇ.

ನಮ್ಮ ನಾಡಿನಲ್ಲಿ

ಭಾರತದಲ್ಲಿ ಹ್ಯಾಂಡಲ್ ಮತ್ತು ಸೆಲ್ಫ್ ಬಹುಕಾಲ ಜೊತೆಜೊತೆಯಾಗಿ ಬಾಳಿದವು. ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, ಮಹೀಂದ್ರ ಜೀಪುಗಳಲ್ಲಿ ಸೆಲ್ಫ್ ಇದ್ದರೂ ಆಪತ್ಕಾಲಕ್ಕೆಂದು ಹ್ಯಾಂಡಲ್ ರಂಧ್ರವನ್ನೂ ಇಟ್ಟಿದ್ದರು. 1951ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಕೋ ಕಾರ್ಖಾನೆ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಪಂಪುಗಳನ್ನೂ ತಯಾರಿಸಿತು. 1961ರಲ್ಲಿ ಮದ್ರಾಸಿನಲ್ಲಿ ಸ್ಥಾಪನೆಯಾದ ಲ್ಯೂಕಸ್ ಟಿವಿಎಸ್ ಕಂಪನಿ ಸ್ಟಾರ್ಟರ್ ಮೋಟಾರುಗಳನ್ನು ನಮ್ಮಲ್ಲೇ ತಯಾರಿಸತೊಡಗಿತು.

ಮುನವಳ್ಳಿಯ ಬಳಿ, ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು 1970ರ ದಶಕದಲ್ಲಿ ಪೂರ್ಣಗೊಂಡಿತು. ಕಾಲುವೆ ನೀರು ಹರಿದ ಎರೆ ಭೂಮಿಯಲ್ಲಿ ಎತ್ತಿನ ಜೊತೆಗೆ ಟ್ರ್ಯಾಕ್ಟರೂ ದುಡಿಯತೊಡಗಿತು. ಚಕ್ಕಡಿ ಕಟ್ಟಿಕೊಂಡು ಯಲ್ಲಮ್ಮನ ಗುಡ್ಡಕ್ಕೆ ಹೋಗುತ್ತಿದ್ದ ಕುಟುಂಬಗಳು ಟ್ರ್ಯಾಕ್ಟರ್ ಏರಿ ಜಾತ್ರೆಗೆ ಹೋದವು. ಡೀಸೆಲ್ ಎಂಜಿನ್ ಗಾಳಿಯನ್ನು ಪೆಟ್ರೋಲ್ ಎಂಜಿನ್ನಿಗಿಂತ ಸುಮಾರು ಇಮ್ಮಡಿ ಒತ್ತುತ್ತದೆ. ಅಷ್ಟು ದೊಡ್ಡ ಎಂಜಿನ್ನನ್ನು ತೋಳಿನಿಂದ ತಿರುವಲಾಗದು, ಸೆಲ್ಫ್ ಬೇಕೇ ಬೇಕು. ಅದು ಕೆಟ್ಟರೆ ರೈತ ಟ್ರ್ಯಾಕ್ಟರನ್ನು ಇಳಿಜಾರಿನಲ್ಲಿ ನಿಲ್ಲಿಸುತ್ತಾನೆ, ಇಲ್ಲವೇ ಹೊಲದಲ್ಲಿ ಊಟಕ್ಕೆ ಕುಳಿತಾಗಲೂ ಎಂಜಿನ್ ನಿಲ್ಲಿಸದೆ ಡೀಸೆಲ್ ಸುಡುತ್ತಾನೆ. ಅವಸರದಲ್ಲಿ ಇಡೀ ಮೋಟಾರನ್ನೇ ಬದಲಾಯಿಸಿ, ಮರುದಿನ ಅದೇ ತೊಂದರೆ ಕಂಡು ಕೈಚೆಲ್ಲುವವರೂ ಉಂಟು. ಹಾಗಾಗಬಾರದೆಂದರೆ ಪರೀಕ್ಷೆಗೆ ಒಂದು ಕ್ರಮ ಬೇಕು.

ದೀಪ ಉರಿದರೆ ಸಾಲದು

“ಲೈಟು ಚೆನ್ನಾಗಿ ಉರಿಯುತ್ತದೆ, ಆದ್ದರಿಂದ ಬ್ಯಾಟರಿ, ವೈರು ಸರಿಯಿದೆ, ಸೆಲ್ಫೇ ಕೆಟ್ಟಿದೆ” ಎನ್ನುವುದು ಸಾಮಾನ್ಯ ತರ್ಕ. ಇದು ತಪ್ಪು. ಏಕೆಂದು ಓಮ್ ನಿಯಮ ಹೇಳುತ್ತದೆ. ಕಾರಿನ ಎರಡು ಹೆಡ್‌ಲೈಟುಗಳು ಸುಮಾರು 9 ಆಂಪಿಯರ್ ವಿದ್ಯುತ್ ಎಳೆಯುತ್ತವೆ. ಸೆಲ್ಫ್ ಎಳೆಯುವುದು 200 ಆಂಪಿಯರ್ ಎಂದಿಟ್ಟುಕೊಳ್ಳಿ. ಬ್ಯಾಟರಿಯ ಟರ್ಮಿನಲ್ ಮೇಲೆ ಕಿಲುಬು ಕಟ್ಟಿ ಅಲ್ಲಿ ಕೇವಲ 0.01 ಓಮ್ ರೋಧವಿದ್ದರೆ, ದೀಪಗಳಿಗೆ ನಷ್ಟವಾಗುವುದು 0.09 ವೋಲ್ಟ್, ಅದು ಕಣ್ಣಿಗೆ ಕಾಣದು. ಸೆಲ್ಫಿಗಾದರೋ 2 ವೋಲ್ಟ್ ನಷ್ಟವಾಗುತ್ತದೆ! 12 ವೋಲ್ಟಿನಲ್ಲಿ 2 ಹೋದರೆ ಮೋಟಾರು ಮುಗ್ಗರಿಸುತ್ತದೆ. ಕ್ಷಣಕಾಲದ ಮಹಾಬಲಕ್ಕೆ ಮಹಾಪ್ರವಾಹ ಬೇಕು; ಮಹಾಪ್ರವಾಹಕ್ಕೆ ಕೂದಲೆಳೆಯಷ್ಟು ರೋಧವೂ ಅಡ್ಡಗೋಡೆಯೇ.

ಆದ್ದರಿಂದ ಜಾಣ ಮೆಕ್ಯಾನಿಕ್ ದೀಪ ಹಚ್ಚಿಟ್ಟು ಸೆಲ್ಫ್ ಹೊಡೆದು ನೋಡುತ್ತಾನೆ. ಆಗ ದೀಪ ಪೂರ್ತಿ ಮಂಕಾದರೆ ಬ್ಯಾಟರಿ ಸೊರಗಿದೆ ಅಥವಾ ಟರ್ಮಿನಲ್ ಸಡಿಲವಾಗಿದೆ ಎಂದು ಮೊದಲು ಶಂಕಿಸಬೇಕು. ಒಳಗೆ ಸಿಕ್ಕಿಕೊಂಡ ಮೋಟಾರೂ ಹೀಗೆ ಮಾಡಬಲ್ಲದು. ‘ಟಕ್’ ಎಂದು ಒಂದೇ ಸದ್ದು ಬಂದು ದೀಪ ಮಂಕಾಗದಿದ್ದರೆ ಸಾಲಿನಾಯ್ಡ್ ಸ್ವಿಚ್ಚಿನ ತಾಮ್ರದ ಸಂಪರ್ಕ ಸುಟ್ಟಿರಬಹುದು, ಇಲ್ಲವೇ ಮೋಟಾರಿನ ಕಾರ್ಬನ್ ಬ್ರಷ್ ಸವೆದಿರಬಹುದು. ‘ಟಕಟಕ’ ಎಂದು ಸದ್ದು ಸರಣಿಯಾಗಿ ಬಂದರೆ ಮತ್ತೆ ಬ್ಯಾಟರಿಯತ್ತಲೇ ನೋಡಬೇಕು. ಸದ್ದೇ ಇಲ್ಲದಿದ್ದರೆ ಕೀಲಿಯಿಂದ ಸಾಲಿನಾಯ್ಡ್‌ವರೆಗಿನ ಸಣ್ಣ ವೈರನ್ನು ಪರೀಕ್ಷಿಸಬೇಕು.

ವೋಲ್ಟ್ ಮೀಟರ್ ಇದ್ದರೆ ಕೆಲಸ ಇನ್ನೂ ನಿಖರ. ಚೆನ್ನಾಗಿ ಚಾರ್ಜಾದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರುತ್ತದೆ. ಸೆಲ್ಫ್ ಹೊಡೆಯುವಾಗ ಅದು 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯ ಮೇಲೆ ಸಂಶಯ. ಇಳಿಯದಿದ್ದರೆ, ಸೆಲ್ಫ್ ಹೊಡೆಯುತ್ತಿರುವಾಗಲೇ ಬ್ಯಾಟರಿಯ ಧನಧ್ರುವಕ್ಕೂ ಮೋಟಾರಿನ ಟರ್ಮಿನಲ್ಲಿಗೂ ನಡುವೆ, ಬಳಿಕ ಋಣಧ್ರುವಕ್ಕೂ ಎಂಜಿನ್ನಿನ ಮೈಗೂ ನಡುವೆ ಅಳೆಯಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ದೋಷ ಆ ದಾರಿಯಲ್ಲಿದೆ. ಹಳೆಯ ವಾಹನಗಳಲ್ಲಿ ತುಕ್ಕು ಹಿಡಿದ ಅರ್ತ್ ಪಟ್ಟಿಯೇ ಎಷ್ಟೋ ಸಲ ಅಪರಾಧಿ. ಈ ಎಲ್ಲವೂ ಸರಿಯಿದ್ದು, ಮೋಟಾರಿನ ತುದಿಯವರೆಗೆ ವೋಲ್ಟೇಜ್ ತಲಪಿಯೂ ಅದು ತಿರುಗದಿದ್ದಾಗ ಮಾತ್ರ ಅದನ್ನು ಬಿಚ್ಚಬೇಕು.

ಮೋಟಾರು ‘ಜುಂಯ್’ ಎಂದು ತಿರುಗಿಯೂ ಎಂಜಿನ್ ತಿರುಗದಿದ್ದರೆ ದೋಷ ವಿದ್ಯುತ್ತಿನದಲ್ಲ, ಹಲ್ಲಿನ ಚಕ್ರದ್ದು. ಇಲ್ಲಿಯೂ ಇತಿಹಾಸ ಬೇಕು. ಹಳೆಯ ಬೆಂಡಿಕ್ಸ್ ಮಾದರಿಯಲ್ಲಿ ಮೋಟಾರು ತಿರುಗಿದ ರಭಸಕ್ಕೆ ಚಿಕ್ಕ ಚಕ್ರ ತಿರುಪಿನ ಮೇಲೆ ಜಾರಿ ಫ್ಲೈವೀಲಿನ ಹಲ್ಲನ್ನು ಕಚ್ಚುತ್ತದೆ. ಎರೆ ಮಣ್ಣಿನ ಧೂಳು ಕೂತರೆ ಜಾರುವುದಿಲ್ಲ. ಗ್ರೀಸ್ ಹಚ್ಚಿದರೆ ಧೂಳು ಇನ್ನಷ್ಟು ಅಂಟುತ್ತದೆ. ತೊಳೆದು ಒಣಗಿಸುವುದೇ ಮದ್ದು. ಅನಂತರದ ಮಾದರಿಯಲ್ಲಿ ಸಾಲಿನಾಯ್ಡ್ ಮೊದಲು ಹಲ್ಲನ್ನು ಕೂಡಿಸಿ ಆಮೇಲೆ ಮೋಟಾರು ತಿರುಗಿಸುತ್ತದೆ. ಅಲ್ಲಿ ಸವೆಯುವುದು ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್. ಯಾವ ಪರೀಕ್ಷೆಗೂ ಮುನ್ನ ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಗೇರಿನಲ್ಲಿದ್ದ ಟ್ರ್ಯಾಕ್ಟರಿನ ಸಾಲಿನಾಯ್ಡ್‌ಗೆ ನೆಲದ ಮೇಲೆ ನಿಂತು ಸ್ಕ್ರೂಡ್ರೈವರ್ ತಾಗಿಸಿ ಅದರ ಗಾಲಿಗೆ ಸಿಕ್ಕವರುಂಟು.

ಇತಿಹಾಸ ತಿರುಗಿ ಬಂದಾಗ

ಕೆಟ್ಟರಿಂಗ್ ಅವರ ಮೊದಲ ಸಾಧನ ಎಂಜಿನ್ನನ್ನು ಎಬ್ಬಿಸಿದ ಮೇಲೆ ತಾನೇ ಡೈನಮೋ ಆಗಿ ಬ್ಯಾಟರಿಯನ್ನು ತುಂಬುತ್ತಿತ್ತು. ಮುಂದೆ ಈ ಎರಡು ಕೆಲಸಗಳು ಬೇರೆಯಾದವು. ಇಂದಿನ ಹಲವು ಹೈಬ್ರಿಡ್ ಕಾರುಗಳಲ್ಲಿ ಅವು ಮತ್ತೆ ಒಂದೇ ಯಂತ್ರದಲ್ಲಿ ಕೂಡಿವೆ. ಹಳತು ಹೊಸ ರೂಪದಲ್ಲಿ ಮರಳುವುದು ತಂತ್ರಜ್ಞಾನದಲ್ಲೂ ಉಂಟು.

ವಿದ್ಯಾರ್ಥಿಗಳೇ, ಮೋಟಾರಿನ ಬೆಲೆ ಸಾವಿರಗಳಲ್ಲಿ. ಟರ್ಮಿನಲ್ ಉಜ್ಜುವ ಕಾಗದದ ಬೆಲೆ ಕೆಲವೇ ರೂಪಾಯಿ. ಯಾವುದು ಬೇಕೆಂದು ನಿರ್ಧರಿಸುವುದು ನಿಮ್ಮ ಭೌತವಿಜ್ಞಾನ ಪುಸ್ತಕದ ಒಂದು ಪುಟ್ಟ ಸೂತ್ರ. ಬ್ಯಾಟರಿ, ಟರ್ಮಿನಲ್, ಅರ್ತ್, ಸಾಲಿನಾಯ್ಡ್, ಕೊನೆಗೆ ಮೋಟಾರು: ಈ ಕ್ರಮ ತಪ್ಪದಿದ್ದರೆ ಹಳೆಯ ಗಾಡಿಯನ್ನು ಎಬ್ಬಿಸಲು ಹ್ಯಾಂಡಲ್ಲೂ ಬೇಡ, ಇಳಿಜಾರೂ ಬೇಡ.